ಹೋಶಂಗಾಬಾದಿನ ಆ ಬೇಸಿಗೆ

ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರಲ್ಲ, ಅದರ ಮುಂದಿನ ಬೇಸಿಗೆ ಅದು. ತಾರೀಖು ಕೇಳಬೇಡಿ, ಎಲ್ಲೂ ಬರೆದಿಟ್ಟಿಲ್ಲ. ಶಾಲೆಗೆ ಸೂಟಿ ಬಿದ್ದಿತ್ತು, ಧಾರವಾಡದ ಪೇಟೆಗೆ ಆಪೂಸು ಮಾವಿನಹಣ್ಣು ಬಂದಿತ್ತು, ಅಷ್ಟು ನೆನಪಿದೆ. ಆ ಸೂಟಿಯಲ್ಲಿ ನಾನೂ ನಮ್ಮ ಹೆಡ್‌ಮಾಸ್ತರರೂ ಕೂಡಿ ಮಧ್ಯಪ್ರದೇಶದ ಹೋಶಂಗಾಬಾದ್ ಎಂಬ ಊರಿಗೆ ಹೋಗಿದ್ದೆವು. ಅಲ್ಲಿ ಆರು, ಏಳು, ಎಂಟನೆಯ ಇಯತ್ತೆಗೆ ವಿಜ್ಞಾನ ಕಲಿಸುವ ಮಾಸ್ತರರ ತರಬೇತಿ ಶಿಬಿರ ನಡೆಯುವುದಿತ್ತು. ನಮ್ಮನ್ನು ಯಾರೂ ಕಳಿಸಿರಲಿಲ್ಲ, ಭತ್ಯೆ ಕೊಡುವವರೂ ಇರಲಿಲ್ಲ. ಧಾರವಾಡದ ಗೆಳೆಯರೊಬ್ಬರು, ‘ಒಮ್ಮೆ ಹೋಗಿ ಕಣ್ಣಾರೆ ನೋಡಿಕೊಂಡು ಬರ್ರಿ, ಮಾಸ್ತರಿಕಿ ಅಂದ್ರ ಏನಂತ ತಿಳೀತದ’ ಎಂದು ಹುರಿದುಂಬಿಸಿ, ಅಲ್ಲಿಯವರಿಗೆ ಒಂದು ಕಾಗದವನ್ನೂ ಬರೆದುಕೊಟ್ಟಿದ್ದರು. ಅದನ್ನು ಕಿಸೆಯಲ್ಲಿಟ್ಟುಕೊಂಡು ಹೊರಟೆವು.

ನಮ್ಮ ಹೆಡ್‌ಮಾಸ್ತರರ ವಿಷಯ ಎರಡು ಮಾತು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಹಿತ್ತಾಳೆ ತಂಬಿಗೆ. ಗಣಿತದಲ್ಲಿ ಅವರಷ್ಟು ಗಟ್ಟಿ ಮನುಷ್ಯ ನಮ್ಮ ತಾಲೂಕಿನಲ್ಲೇ ಇರಲಿಲ್ಲ. ಲೆಕ್ಕ ಮಾಡದೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಗಾಡಿ ಪ್ರತಿ ಸ್ಟೇಶನ್ನಿಗೆ ಎಷ್ಟು ತಡವಾಗಿ ಬಂತು, ಅಲ್ಲಿ ಎಷ್ಟು ನಿಮಿಷ ನಿಂತಿತು ಎಂದು ಒಂದು ಹಳೆಯ ಲಕೋಟೆಯ ಬೆನ್ನ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ರಾಷ್ಟ್ರಭಾಷಾ ಪರೀಕ್ಷೆ ಪಾಸು ಮಾಡಿದ್ದರಿಂದ ಅವರ ಹಿಂದಿ ಪುಸ್ತಕದ ಹಿಂದಿ. ಚಹಾದವನ ಹತ್ತಿರವೂ ‘ಕೃಪಯಾ’ ಎಂದೇ ಮಾತು ಶುರು ಮಾಡುವರು, ಅವನು ಒಮ್ಮೆ ಇವರನ್ನು ಮೇಲಿಂದ ಕೆಳಗೆ ನೋಡಿ ಕಪ್ಪು ತುಂಬಿಸಿ ಕೊಡುವನು.

ಆಗ ಹುಬ್ಬಳ್ಳಿಯಿಂದ ಮಿರಜದವರೆಗೆ ಸಣ್ಣ ಗಾಡಿ, ಮೀಟರ್ ಗೇಜು. ಮಿರಜದಲ್ಲಿ ಇಳಿದು ಗಂಟುಮೂಟೆ ಹೊತ್ತು ದೊಡ್ಡ ಗಾಡಿಗೆ ಹತ್ತಬೇಕು, ಪುಣೆಯಲ್ಲಿ ಮತ್ತೆ ಬದಲಿ. ಬುತ್ತಿ ಕಟ್ಟಿಕೊಟ್ಟವಳು ನಮ್ಮವ್ವ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಸಿ ಉಳ್ಳಾಗಡ್ಡಿ, ಸಣ್ಣ ಡಬ್ಬಿಯಲ್ಲಿ ಕೆನೆ ಮೊಸರು. ಮೊಸರು ಬೆಳಗಾವಿ ದಾಟುವುದರೊಳಗೆ ಮುಗಿಯಿತು. ರೊಟ್ಟಿ ಮಾತ್ರ ಇಟಾರ್ಸಿಯವರೆಗೂ ಬಂದವು, ಸಂಗಡ ಕೂತ ಸಿಪಾಯಿಯೊಬ್ಬ ಎರಡು ರೊಟ್ಟಿ ಕೇಳಿ ತಿಂದ. ಅವನು ಜಮ್ಮುವಿಗೆ ಹೊರಟಿದ್ದ, ನಾವು ಪುಣೆಯಲ್ಲಿ ಹತ್ತಿದ ಝೇಲಂ ಎಕ್ಸ್‌ಪ್ರೆಸ್ಸು ಅಲ್ಲಿಗೇ ಹೋಗುವ ಗಾಡಿ. ಅವನ ಊರು ಯಾವುದೆಂದು ಹೇಳಿದ್ದ, ಈಗ ಮರೆತಿದೆ. ಗುರೆಳ್ಳು ಪುಡಿಯನ್ನು ಮುಷ್ಟಿಯಲ್ಲಿ ಎತ್ತಿ ಮೂಸಿ ನೋಡಿ ಕಣ್ಣರಳಿಸಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಪುಣೆಯ ಸ್ಟೇಶನ್ನಿನಲ್ಲಿ ಗಾಡಿಗೆ ಕಾಯುತ್ತ ಕೂತಾಗ ಹೆಡ್‌ಮಾಸ್ತರರು ಜೆ.ಪಿ. ನಾಯಕರ ಮಾತು ತೆಗೆದರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಾಯಕರು ಕೊಲ್ಹಾಪುರ ಸೀಮೆಯ ಬಹಿರೇವಾಡಿಯವರು, ಹುಟ್ಟಿದ್ದು 1907ರಲ್ಲಿ. ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿ ಜೇಲು ಕಂಡರು. ಹೊರಗೆ ಬಂದ ಮೇಲೆ ನೌಕರಿ ಹುಡುಕಿಕೊಂಡು ಮುಂಬಯಿಗೆ ಹೋಗಲಿಲ್ಲ. ನಮ್ಮ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಗೆ ಬಂದು ನಿಂತರು. ರೋಗಿಗಳ ಆರೈಕೆ, ದೊಡ್ಡವರಿಗೆ ಓದು ಬರಹ, ಊರ ಶಾಲೆ, ಹೀಗೆ ಒಂದು ಹಳ್ಳಿಯ ಸುಖದುಃಖದಲ್ಲಿ ಕೈಹಾಕಿ ಕೆಲಸ ಮಾಡಿದರು. ಮುಂದೆ 1948ರಲ್ಲಿ ಮುಂಬಯಿಯಲ್ಲಿ ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್’ ಕಟ್ಟಿದವರು ಇವರೇ. ಸರಕಾರದ ಇಲಾಖೆಯೂ ಅಲ್ಲದ, ಯಾವ ಕಾಲೇಜಿನ ವಿಭಾಗವೂ ಅಲ್ಲದ, ಶಿಕ್ಷಣದ ಮೇಲೆ ಸಂಶೋಧನೆ ಮಾಡಲೆಂದೇ ಹುಟ್ಟಿದ ಮನೆ ಅದು. 1964ರಿಂದ 66ರವರೆಗೆ ಕೊಠಾರಿ ಶಿಕ್ಷಣ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿ ಆ ದೊಡ್ಡ ವರದಿಯ ಭಾರ ಹೊತ್ತವರೂ ಇವರೇ. 1976ರಲ್ಲಿ ಆ ಸಂಸ್ಥೆಯನ್ನು ಪುಣೆಗೆ ತಂದರು. 1981ರಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿ ಚಿತ್ರಾ ನಾಯಕರು ಅದನ್ನು ಮುನ್ನಡೆಸಿದರು. ಹಗಲು ದನ ಕಾಯುವ, ತಮ್ಮ ತಂಗಿಯರನ್ನು ಎತ್ತಿಕೊಳ್ಳುವ ಮಕ್ಕಳಿಗಾಗಿ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಹೊತ್ತು ಮುಳುಗಿದ ಮೇಲೆ ಕಲಿಕೆಯ ಕೇಂದ್ರ ನಡೆಸಿ, ಆ ಮಕ್ಕಳು ಹೇಗೆ ಕಲಿಯುತ್ತಾರೆ, ಎಲ್ಲಿ ಬಿಟ್ಟುಹೋಗುತ್ತಾರೆ ಎಂದು ಕೂತು ನೋಡಿದವರು ಆಕೆ.

‘ತಮ್ಮಾ, ಆಯೋಗದ ವರದಿ ಬರೆಯೋ ಕೈ ಮೊದಲು ನಮ್ಮ ಬೆಟಗೇರಿಯೊಳಗ ಪಳಗಿತ್ತು ನೋಡು,’ ಎಂದರು ಹೆಡ್‌ಮಾಸ್ತರರು. ಅವರಿಗೆ ಅದೊಂದು ಅಭಿಮಾನ. ಅವರ ಸೋದರಮಾವನ ಮನೆ ಉಪ್ಪಿನಬೆಟಗೇರಿಯಲ್ಲೇ ಇತ್ತು. ಅಷ್ಟರಲ್ಲಿ ಗಾಡಿ ಬಂತು, ಲಕೋಟೆ ಹೊರಗೆ ಬಂತು, ಎಷ್ಟು ತಡವೆಂದು ಬರೆದುಕೊಂಡರು.

ಇಟಾರ್ಸಿಯಲ್ಲಿ ಇಳಿದಾಗ ನಡುಮಧ್ಯಾಹ್ನ. ನಮ್ಮ ಕಡೆಯೂ ಬಿಸಿಲು ಉಂಟು, ಆದರೆ ಅಲ್ಲಿಯ ಲೂ ಗಾಳಿ ಬೇರೆಯದೇ ಜಾತಿ. ಕಾದ ರೊಟ್ಟಿ ಹಂಚಿನ ಮೇಲಿಂದ ಬೀಸಿ ಬಂದಂತೆ ಮುಖಕ್ಕೆ ಹೊಡೆಯಿತು. ಹೆಡ್‌ಮಾಸ್ತರರು ಟೊಪ್ಪಿಗೆಯ ಮೇಲೆ ಹಸಿ ವಸ್ತ್ರ ಸುತ್ತಿಕೊಂಡರು. ಜನ ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಓಡಾಡುತ್ತಿದ್ದರು, ಅದರಿಂದ ಬಿಸಿಲು ಬಡಿಯುವುದಿಲ್ಲವೆಂದು ನಂಬಿಕೆ. ಅಲ್ಲಿಂದ ಹೋಶಂಗಾಬಾದಿಗೆ ಹತ್ತಿರದ ಹಾದಿ. ಊರು ನರ್ಮದೆಯ ದಂಡೆಯ ಮೇಲಿದೆ. ಸೇಠಾಣಿ ಘಾಟಿನ ಉದ್ದನ್ನ ಮೆಟ್ಟಿಲು, ಸಂಜೆಗೆ ನದಿಯ ಮೇಲಿಂದ ಬರುವ ತಂಪು, ದಂಡೆಯ ಮರಳಿನಲ್ಲಿ ಬೆಳೆದ ಕಲ್ಲಂಗಡಿ. ನೋಟು ಅಚ್ಚು ಹಾಕುವ ಕಾಗದ ತಯಾರಾಗುವುದೂ ಇದೇ ಊರಿನ ಗಿರಣಿಯಲ್ಲಿ ಎಂದು ಯಾರೋ ಹೇಳಿದರು. ಈಗ ಊರಿನ ಹೆಸರನ್ನು ನರ್ಮದಾಪುರಂ ಎಂದು ಬದಲಿಸಿದ್ದಾರೆ. ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ.

ಅಲ್ಲಿ ನಡೆಯುತ್ತಿದ್ದದ್ದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಣ್ವಿಕ ಜೀವವಿಜ್ಞಾನ ಓದಿದ ಅನಿಲ್ ಸದ್ಗೋಪಾಲ್ ಎಂಬ ತರುಣ ವಿಜ್ಞಾನಿ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಆ ಜಿಲ್ಲೆಯ ಪಲಿಯಾ ಪಿಪರಿಯಾ ಎಂಬ ಹಳ್ಳಿಗೆ ಬಂದು ‘ಕಿಶೋರ್ ಭಾರತಿ’ ಎಂಬ ಸಂಸ್ಥೆ ಕಟ್ಟಿದರು. ಹೋಶಂಗಾಬಾದಿನ ಪಕ್ಕದ ರಸೂಲಿಯಾದಲ್ಲಿ ಕ್ವೇಕರ್ ಪಂಥದವರ ‘ಫ್ರೆಂಡ್ಸ್ ರೂರಲ್ ಸೆಂಟರ್’ ಮೊದಲಿನಿಂದ ಇತ್ತು. ಇವೆರಡೂ ಕೂಡಿ ಸರಕಾರಕ್ಕೆ ಒಂದು ಮಾತು ಕೇಳಿದವು. ಹಳ್ಳಿಯ ಸರಕಾರಿ ಶಾಲೆಯಲ್ಲಿ ಮಕ್ಕಳು ತಾವೇ ಪ್ರಯೋಗ ಮಾಡಿ ವಿಜ್ಞಾನ ಕಲಿಯಬಹುದೋ ಇಲ್ಲವೋ ನೋಡುತ್ತೇವೆ, ಕೆಲವು ಶಾಲೆ ಕೊಡಿ ಎಂದು. ಸರಕಾರ ಒಪ್ಪಿತು. 1972ರಲ್ಲಿ 16 ಶಾಲೆಗಳಲ್ಲಿ ಕೆಲಸ ಶುರುವಾಯಿತು. ಟಾಟಾ ಸಂಸ್ಥೆಯ ವಿಜ್ಞಾನಿಗಳು ಬಂದರು, ಮರುವರ್ಷದಿಂದ ದಿಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದರು. 1978ರಲ್ಲಿ ಜಿಲ್ಲೆಯ ಎಲ್ಲ ಶಾಲೆಗಳಿಗೂ ಹಬ್ಬಿತು. ಕೆಲಸ ಬೆಳೆದಂತೆ ಅದಕ್ಕೊಂದು ಸ್ವಂತ ಮನೆ ಬೇಕಾಯಿತು. 1982ರಲ್ಲಿ ಹುಟ್ಟಿದ್ದು ‘ಏಕಲವ್ಯ’. ಕೇಂದ್ರದ, ರಾಜ್ಯದ ನೆರವು ಇತ್ತು, ಆದರೆ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ನಿರ್ಧರಿಸುವವರು ಅವರೇ. ನಾವು ಹೋದಾಗ ಅದಿನ್ನೂ ಹೊಸ ಸಂಸ್ಥೆ.

ಶಿಬಿರ ನಡೆದದ್ದು ಒಂದು ಶಾಲೆಯ ಕಟ್ಟಡದಲ್ಲಿ. ಒಳಗೆ ಹೋಗಿ ನೋಡಿದರೆ ನೆಲದ ಮೇಲೆ ಜಮಖಾನ, ಅದರ ಮೇಲೆ ನಾಲ್ಕು ನಾಲ್ಕು ಜನರ ಗುಂಪು. ನಡುವಯಸ್ಸಿನ ಮಾಸ್ತರರು, ಮೀಸೆ ಹಣ್ಣಾದವರು, ತಲೆಯ ಮೇಲೆ ಸೆರಗು ಹೊದ್ದ ಬಾಯಿಯವರು, ಎಲ್ಲರೂ ಆರನೆಯ ಇಯತ್ತೆಯ ಮಕ್ಕಳು ಮಾಡುವ ಪ್ರಯೋಗವನ್ನೇ ಮಾಡುತ್ತಿದ್ದರು. ‘ಬಾಲ ವೈಜ್ಞಾನಿಕ’ ಎಂಬ ಪುಸ್ತಕ ಅವರ ಮುಂದಿತ್ತು. ಅದರಲ್ಲಿ ಉತ್ತರಗಳಿಲ್ಲ. ಹೀಗೆ ಮಾಡಿ ನೋಡು, ಏನು ಕಂಡಿತು ಬರೆ, ಗೆಳೆಯರಿಗೆ ಏನು ಕಂಡಿತು ಕೇಳು, ಯಾಕೆ ಬೇರೆ ಬಂತು ಯೋಚಿಸು. ಪುಸ್ತಕದ ತುಂಬ ಇಂಥವೇ.

ನಮ್ಮನ್ನೂ ಸುಮ್ಮನೆ ಕೂಡ್ರಗೊಡಲಿಲ್ಲ. ಒಂದು ಗುಂಪಿಗೆ ಹಾಕಿದರು. ಮೊದಲ ದಿನ ಅಳತೆಯ ಪಾಠ. ಒಂದು ಮೇಜಿನ ಉದ್ದ ಅಳೆಯಬೇಕು, ಅಷ್ಟೆ. ನಾಲ್ಕು ಗುಂಪಿಗೆ ನಾಲ್ಕು ಉತ್ತರ ಬಂದವು. ‘ಪಟ್ಟಿ ಸರಿ ಇಟ್ಟಿಲ್ಲ’ ಎಂದು ಒಬ್ಬರು, ‘ಪಟ್ಟಿಯೇ ಸರಿ ಇಲ್ಲ’ ಎಂದು ಇನ್ನೊಬ್ಬರು. ಮತ್ತೆ ಅಳೆದೆವು, ಮತ್ತೆ ಬೇರೆ ಬೇರೆ. ಕಡೆಗೆ ದಿಲ್ಲಿಯ ಪ್ರಾಧ್ಯಾಪಕರೊಬ್ಬರು ಎಲ್ಲರ ಅಂಕಿ ಹಲಗೆಯ ಮೇಲೆ ಬರೆದು, ಇವುಗಳಲ್ಲಿ ಯಾವುದು ಸರಿ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿ ಸುಮ್ಮನೆ ನಿಂತರು. ತಾವು ಉತ್ತರ ಹೇಳಲಿಲ್ಲ. ನಮ್ಮ ಹೆಡ್‌ಮಾಸ್ತರರು ಜೀವಮಾನವಿಡೀ ಉತ್ತರ ಹೇಳಿದವರು. ಆ ಮೌನದಲ್ಲಿ ಅವರು ಚಡಪಡಿಸಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಸ್ವಲ್ಪ ಹೊತ್ತಿಗೆ ಅವರ ಲಕೋಟೆ ಹೊರಗೆ ಬಂತು, ಎಲ್ಲ ಅಂಕಿಗಳ ಸರಾಸರಿ ತೆಗೆಯತೊಡಗಿದರು.

ಊಟದ ಮಾತು ಹೇಳುತ್ತೇನೆ. ಬೆಳಿಗ್ಗೆ ಪೋಹಾ, ಅದರ ಜೋಡಿ ಜಿಲೇಬಿ. ಅವಲಕ್ಕಿಯ ಜೊತೆಗೆ ಸಿಹಿ ತಿನ್ನುವುದು ನಮಗೆ ಹೊಸದು, ಎರಡನೆಯ ದಿನಕ್ಕೆ ರೂಢಿಯಾಯಿತು, ಆಮೇಲೆ ಅದಿಲ್ಲದೆ ಆಗದಾಯಿತು. ಮಧ್ಯಾಹ್ನ ಗೋಧಿ ರೊಟ್ಟಿ, ತೊಗರಿ ಬೇಳೆ, ಬಟಾಟಿ ಪಲ್ಯ. ಒಂದು ಸಂಜೆ ಸ್ಥಳೀಯ ಮಾಸ್ತರರೇ ಕೂಡಿ ಅಂಗಳದಲ್ಲಿ ಕುಳ್ಳು ಉರಿಸಿ ದಾಲ್-ಬಾಟಿ ಮಾಡಿದರು. ಬೂದಿ ಜಾಡಿಸಿ, ಬಾಟಿ ಒಡೆದು, ತುಪ್ಪದಲ್ಲಿ ಅದ್ದಿ ಕೊಡುತ್ತಿದ್ದ ಮುದುಕರೊಬ್ಬರು, ‘ಇನ್ನೊಂದು, ಇನ್ನೊಂದು’ ಎಂದು ಒತ್ತಾಯ ಮಾಡುವಾಗ ಥೇಟ್ ನಮ್ಮ ಕಡೆಯ ಹೋಳಿಗೆ ಊಟದ ಒತ್ತಾಯವೇ. ಹುಳಿ ಮಾವಿನಕಾಯಿ ಸುಟ್ಟು ಮಾಡಿದ ಪನ್ನಾ ಗಡಿಗೆಯಲ್ಲಿ ಇರುತ್ತಿತ್ತು. ಮುಂಬಯಿಯ ವಿಜ್ಞಾನಿಯೂ ಆ ಜಿಲ್ಲೆಯ ಬನಖೇಡಿಯ ಮಾಸ್ತರನೂ ಒಂದೇ ಸಾಲಿನಲ್ಲಿ ನಿಂತು ತಮ್ಮ ತಟ್ಟೆ ತಾವೇ ತೊಳೆಯುತ್ತಿದ್ದರು.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ನಾಣ್ಯದ ರಾತ್ರಿ.

ಆವತ್ತು ಮಧ್ಯಾಹ್ನ ಸಂಭವನೀಯತೆಯ ಪಾಠ ಶುರುವಾಗಿತ್ತು. ಇಷ್ಟು ಸಣ್ಣ ಮಕ್ಕಳಿಗೆ ಸಂಭವನೀಯತೆ ಕಲಿಸುತ್ತಾರೆ ಎಂದು ಕೇಳಿಯೇ ನಮಗೆ ಆಶ್ಚರ್ಯ. ಕಾಲೇಜಿನಲ್ಲಿ ಓದಿದ ಸೂತ್ರಗಳು ನೆನಪಿಗೆ ಬಂದವು. ಇಲ್ಲಿ ಸೂತ್ರವಿಲ್ಲ. ನಾಲ್ಕಾಣೆಯ ನಾಣ್ಯ ಚಿಮ್ಮುವುದು, ಛಾಪಾ ಬಿತ್ತೋ ಕಾಟಾ ಬಿತ್ತೋ ಬರೆದುಕೊಳ್ಳುವುದು. ಸಂಜೆಯ ಹೊತ್ತಿಗೆ ಪಶ್ಚಿಮದಿಂದ ಧೂಳು ಎದ್ದಿತು. ಆಂಧಿ ಎನ್ನುತ್ತಾರೆ ಅವರು. ಕಿಟಕಿಯ ಕದಗಳು ಬಡಬಡ ಬಡಿದವು, ಹಲಗೆಯ ಮೇಲಿನ ಅಕ್ಷರ ಕಾಣದಾದವು, ಆಮೇಲೆ ನಾಲ್ಕು ದಪ್ಪ ಹನಿ ಮಳೆ, ಮಣ್ಣಿನ ವಾಸನೆ, ಕಡೆಗೆ ಕರೆಂಟು ಹೋಯಿತು. ಪಾಠ ಮುಗಿಯಿತು ಎಂದುಕೊಂಡೆ. ಯಾರೋ ಎರಡು ಕಂದೀಲು ತಂದು ಪಡಸಾಲೆಯಲ್ಲಿಟ್ಟರು. ಊಟ ಮಾಡಿ ಬಂದವರು ಒಬ್ಬೊಬ್ಬರಾಗಿ ಅದರ ಸುತ್ತ ಕೂತರು.

ಜಗಳ ತೆಗೆದವರು ಬಿಳಿ ಗಾಂಧಿ ಟೊಪ್ಪಿಗೆಯ ಹಿರಿಯ ಮಾಸ್ತರರೊಬ್ಬರು. ಅವರ ಗುಂಪಿಗೆ ಒಂದರ ಹಿಂದೆ ಒಂದು ಛಾಪಾವೇ ಬಿದ್ದಿದ್ದವು. ಐದೋ ಆರೋ, ಈಗ ಸರಿಯಾಗಿ ನೆನಪಿಲ್ಲ. ‘ಇನ್ನು ಕಾಟಾ ಬೀಳಲೇಬೇಕು. ದೇವರ ಲೆಕ್ಕ ಎಂದಾದರೂ ಸಮ ಆಗಲೇಬೇಕಲ್ಲ,’ ಎಂದು ಅವರ ವಾದ. ‘ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ ಗುರುಗಳೇ,’ ಎಂದು ಒಬ್ಬ ತರುಣ ಮಾಸ್ತರ. ಪಡಸಾಲೆಯಲ್ಲಿ ಎರಡು ಪಕ್ಷ ಆದವು. ದಿಲ್ಲಿಯ ಪ್ರಾಧ್ಯಾಪಕರು ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲರೂ ಅವರತ್ತ ನೋಡಿದರು. ‘ಚಿಮ್ಮಿ ನೋಡೋಣ,’ ಎಂದರು ಅವರು.

ಚಿಮ್ಮಿದೆವು. ಕಂದೀಲಿನ ಬೆಳಕಿನಲ್ಲಿ ಇಡೀ ಪಡಸಾಲೆಯ ಜನ ನಾಣ್ಯ ಚಿಮ್ಮುತ್ತ ಕೂತರು. ಯಾವಾಗ ಸಾಲಾಗಿ ಛಾಪಾ ಬಿದ್ದರೂ ನಿಲ್ಲಿಸಿ, ಅದರ ಮುಂದಿನದು ಏನು ಬಿತ್ತು ಎಂದು ಬೇರೆಯಾಗಿ ಬರೆದುಕೊಳ್ಳಬೇಕೆಂದು ನಿಯಮ ಮಾಡಿಕೊಂಡರು. ಆ ನಿಯಮ ಹೇಳಿದವರು ನಮ್ಮ ಹೆಡ್‌ಮಾಸ್ತರರು, ತಮ್ಮ ಪುಸ್ತಕದ ಹಿಂದಿಯಲ್ಲಿ. ಲೆಕ್ಕ ಇಡುವ ಭಾರವೂ ತಾನಾಗಿ ಅವರ ಮೇಲೆ ಬಂತು. ಒಂದೊಂದು ಗುಂಪಿನ ಲೆಕ್ಕ ಎತ್ತೆತ್ತಲೋ ವಾಲುತ್ತಿತ್ತು. ಎಲ್ಲ ಗುಂಪಿನದೂ ಕೂಡಿಸುತ್ತ ಹೋದಂತೆ ಛಾಪಾ ಕಾಟಾ ಅರ್ಧರ್ಧದ ಹತ್ತಿರ ಬರತೊಡಗಿದವು. ಛಾಪಾಗಳ ಸಾಲಿನ ಬೆನ್ನಿಗೆ ಬಿದ್ದದ್ದೂ ಹೆಚ್ಚುಕಡಿಮೆ ಅರ್ಧರ್ಧವೇ. ಟೊಪ್ಪಿಗೆಯ ಹಿರಿಯರು ಆ ಕಾಗದವನ್ನು ಕೈಗೆ ತೆಗೆದುಕೊಂಡು, ಕಂದೀಲಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. ‘ಲೆಕ್ಕ ಸಮ ಆಗುತ್ತದೆ, ಆದರೆ ನಾಣ್ಯ ಸಾಲ ತೀರಿಸುವುದಿಲ್ಲ,’ ಎಂದರು. ಪ್ರಾಧ್ಯಾಪಕರು ಎದ್ದು ಬಂದು, ಆ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿ, ತಮ್ಮ ವಹಿಯಲ್ಲಿ ಬರೆದುಕೊಂಡರು. ನಾನು ಎಂ.ಎಸ್ಸಿ. ಓದಿದವರ ಬಾಯಿಂದಲೂ ಅಷ್ಟು ಸ್ವಚ್ಛವಾಗಿ ಆ ವಿಷಯ ಕೇಳಿರಲಿಲ್ಲ.

ಬರೆದುಕೊಳ್ಳುವುದು ಎಂದೆನಲ್ಲ, ಅದೇ ಅಲ್ಲಿಯ ಜೀವಾಳ. ದಿನಾ ಸಂಜೆ ಒಂದು ಸಭೆ. ಇವತ್ತಿನ ಪಾಠದಲ್ಲಿ ಏನು ತೊಡಕಾಯಿತು, ಯಾವ ವಾಕ್ಯ ತಿಳಿಯಲಿಲ್ಲ, ಯಾವ ಪ್ರಯೋಗ ಕೈಕೊಟ್ಟಿತು. ಒಮ್ಮೆ ಅಡವಿಯ ಅಂಚಿನ ಊರಿನಿಂದ ಬಂದ ಮಾಸ್ತರನೊಬ್ಬ ಎದ್ದು, ‘ನೀವು ಹೇಳಿದ ತಿಂಗಳಿಗೆ ನಮ್ಮಲ್ಲಿ ಆ ಹೂವು ಅರಳುವುದಿಲ್ಲ. ಮಕ್ಕಳಿಗೆ ಏನು ತೋರಿಸಲಿ?’ ಎಂದು ಕೇಳಿದ. ದನಿಯಲ್ಲಿ ಸಿಟ್ಟಿತ್ತು. ಪಾಠ ಬರೆದವರು ಅಲ್ಲೇ ಇದ್ದರು. ‘ನಿಮ್ಮಲ್ಲಿ ಆಗ ಯಾವ ಹೂವು ಇರುತ್ತದೆ?’ ಎಂದು ಕೇಳಿ ಪಟ್ಟಿ ಮಾಡತೊಡಗಿದರು. ಸುತ್ತಲಿನ ನಾಲ್ಕೈದು ಊರಿನವರೂ ತಮ್ಮ ತಮ್ಮ ಹೂವು ಸೇರಿಸಿದರು. ಶಾಲೆ ನಡೆಯುವ ದಿನಗಳಲ್ಲಿಯೂ ತಿಂಗಳಿಗೊಮ್ಮೆ ಮಾಸ್ತರರು ಒಂದೆಡೆ ಸೇರಿ ಹೀಗೆಯೇ ಮಾತಾಡುವ ಏರ್ಪಾಡಿತ್ತು. ಮಾಸ್ತರ ಹೇಳಿದ್ದರಿಂದ ಪುಸ್ತಕ ತಿದ್ದಿಸಿಕೊಳ್ಳುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲೇ ಮೊದಲು. ನಮ್ಮ ಕಡೆ ಪುಸ್ತಕ ಬೆಂಗಳೂರಿನಿಂದ ಬರುತ್ತಿತ್ತು, ನಾವು ಹೊದಿಕೆ ಹಾಕಿ ಕಲಿಸುತ್ತಿದ್ದೆವು.

ಪ್ರಯೋಗದ ಸಾಮಾನಿನ ಪೆಟ್ಟಿಗೆಯೊಂದು ಪ್ರತಿ ಶಾಲೆಗೂ ಇತ್ತು. ಅದರಲ್ಲಿ ಭೂತಗನ್ನಡಿ, ಅಯಸ್ಕಾಂತ, ಪ್ರನಾಳ. ಹೂವು ಬಿಡಿಸಿ ನೋಡಲು ಪೇಟೆಯ ಸೂಜಿಯ ಬದಲು ಜಾಲಿ ಮುಳ್ಳು. ಜಾಲಿ ಗಿಡ ಆ ಸೀಮೆಯ ಹೊಲದ ಬದುವಿನ ತುಂಬ ಇದೆ, ನಮ್ಮ ಸೀಮೆಯಲ್ಲೂ ಇದೆ. ಅರವಿಂದ ಗುಪ್ತಾ ಎಂಬ ಇಂಜಿನಿಯರು 1978ರಲ್ಲಿ ಟೆಲ್ಕೋ ಕಾರ್ಖಾನೆಯಿಂದ ಒಂದು ವರ್ಷ ರಜೆ ಪಡೆದು ಇಲ್ಲಿಗೆ ಬಂದಿದ್ದರಂತೆ. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಗೋಪುರ ಕಟ್ಟುವ ಆಟ ಅವರು ಇಲ್ಲಿಯ ಮಕ್ಕಳ ನಡುವೆ ಕಂಡುಹಿಡಿದದ್ದು. ಅವರ ಪುಸ್ತಕಗಳು ಮುಂದೆ ಕನ್ನಡಕ್ಕೂ ಬಂದವು. ಶಿಬಿರದಲ್ಲಿ ಒಬ್ಬ ಮಾಸ್ತರ ಆ ಟ್ಯೂಬಿನ ತುಂಡು, ಒಂದು ಹಿಡಿ ಬೆಂಕಿಕಡ್ಡಿ ನನ್ನ ಕೈಗಿಟ್ಟು, ತ್ರಿಕೋನ ಅಲುಗಾಡುವುದಿಲ್ಲ, ಚೌಕ ವಾಲುತ್ತದೆ, ಯಾಕೆ ನೋಡಿ ಎಂದು ತನ್ನ ಕೆಲಸಕ್ಕೆ ಹೋಗಿಬಿಟ್ಟ. ಆ ರಾತ್ರಿ ಹಾಸಿಗೆಯ ಮೇಲೆ ಕೂತು ಅದನ್ನೇ ಕಟ್ಟಿ ಬಿಚ್ಚಿ ಮಾಡಿದೆ.

ಸವಾಲಿರಾಮನ ಸುದ್ದಿಯನ್ನೂ ಹೇಳಬೇಕು. ಮಕ್ಕಳು ತಮಗೆ ಬಂದ ಯಾವ ಪ್ರಶ್ನೆಯನ್ನಾದರೂ ‘ಸವಾಲಿರಾಮ’ ಎಂಬ ಹೆಸರಿಗೆ ಕಾಗದ ಬರೆದು ಕಳಿಸಬಹುದಿತ್ತು. ಹಾಗೊಬ್ಬ ಮನುಷ್ಯನಿಲ್ಲ. ಆದರೆ ಬಂದ ಕಾಗದಕ್ಕೆ ಉತ್ತರ ಹೋಗುತ್ತಿತ್ತು. ಇನ್ನು ಪರೀಕ್ಷೆ. ಎಂಟನೆಯ ಇಯತ್ತೆಯ ಬೋರ್ಡಿನ ಪರೀಕ್ಷೆಯಲ್ಲಿ ಈ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಪ್ರಯೋಗವನ್ನೂ ಮಾಡಿ ತೋರಿಸಬೇಕಿತ್ತು. ಸರಕಾರವೇ ಒಪ್ಪಿದ ಪದ್ಧತಿ ಅದು. ಹೆಡ್‌ಮಾಸ್ತರರು ಇದನ್ನು ಕೇಳಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಅಂಗಳದ ಮಂಚದ ಮೇಲೆ ಕೂತು, ‘ತಮ್ಮಾ, ಪುಸ್ತಕ ತಗದಿಟ್ರೂ ಉತ್ತರ ಸಿಗಬಾರದು ಅಂತ ಪ್ರಶ್ನಿ ತಗೀಬೇಕಂದ್ರ, ಪ್ರಶ್ನಿ ತಗಿಯಾವ ಎಷ್ಟು ಓದಿರಬೇಕು!’ ಎಂದರು.

ಭೋಪಾಲ ಅಲ್ಲಿಂದ ದೂರವೇನಲ್ಲ. ದುರಂತದ ಸುದ್ದಿ ಶಿಬಿರದ ಮೇಲೆ ಕವಿದುಕೊಂಡೇ ಇತ್ತು. ಕೆಲವರ ಬಂಧುಗಳು ಅಲ್ಲಿದ್ದರು. ರಾತ್ರಿ ಊಟವಾದ ಮೇಲೆ ಮಾತು ಅಲ್ಲಿಗೇ ಹೊರಳುತ್ತಿತ್ತು. ಆ ಅನಿಲ ಯಾವುದು, ಹಸಿ ಬಟ್ಟೆ ಮುಖಕ್ಕೆ ಹಿಡಿದುಕೊಂಡಿದ್ದರೆ ಎಷ್ಟು ಜನ ಉಳಿಯುತ್ತಿದ್ದರು, ಜನರಿಗೆ ಯಾಕೆ ಯಾರೂ ಹೇಳಲಿಲ್ಲ. ಒಬ್ಬ ಮಾಸ್ತರಿಣಿ, ‘ನಮ್ಮ ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸುತ್ತಿದ್ದೇವೆ, ಅದು ಪರೀಕ್ಷೆಗಲ್ಲ,’ ಎಂದರು. ಸಭೆ ಬಹಳ ಹೊತ್ತು ಮಾತಾಡಲಿಲ್ಲ. ಆ ವರ್ಷವೇ ಏಕಲವ್ಯದವರು ಮಕ್ಕಳಿಗಾಗಿ ‘ಚಕ್ಮಕ್’ ಎಂಬ ಮಾಸಪತ್ರಿಕೆ ಶುರು ಮಾಡಿದರು. ಇವತ್ತಿಗೂ ಅದು ಬರುತ್ತಿದೆ.

ಊರಿಗೆ ಮರಳಿದ ಮೇಲೆ ನಮ್ಮ ಶಾಲೆಯಲ್ಲಿ ಏನಾಯಿತು ಎಂದು ಕೇಳುತ್ತೀರಿ. ಪುಸ್ತಕ ಅದೇ, ಪರೀಕ್ಷೆ ಅದೇ. ಆದರೆ ಶನಿವಾರದ ಬೆಳಗಿನ ಶಾಲೆಯ ಕಡೆಯ ಎರಡು ತಾಸು ಹೆಡ್‌ಮಾಸ್ತರರು ನನ್ನ ಕೈಗೆ ಬಿಟ್ಟುಕೊಟ್ಟರು. ಜಾಲಿ ಮುಳ್ಳು, ಬೆಂಕಿಕಡ್ಡಿ, ನಾಣ್ಯ, ಬೇಲಿಯ ಹೂವು. ಮಕ್ಕಳು ಮೇಜು ಅಳೆದು ಜಗಳಾಡಿದರು. ಒಕ್ಕಲಿಗರ ಹುಡುಗನೊಬ್ಬ ಹತ್ತಿಯ ಹುಳುವಿನ ಹುಟ್ಟು ಸಾವು ಬರೆದುಕೊಂಡು ಬಂದ. ಅವನ ಅಪ್ಪ ಸಿಟ್ಟಿನಿಂದ ಬಂದವರು, ಮಗನ ವಹಿ ಓದಿ, ಹುಳ ಯಾವ ದಿನ ತತ್ತಿ ಇಡುತ್ತದೆ ಎಂದು ಮಗನನ್ನೇ ಕೇಳಿಕೊಂಡು ಹೋದರು. ಅದೇ ನಮಗೆ ಬಂದ ಫಲ. ಅದು ಸಣ್ಣದೆಂದು ನನಗೆ ಒಂದು ದಿನವೂ ಅನಿಸಿಲ್ಲ.

ಹೋಶಂಗಾಬಾದಿನ ವಿಜ್ಞಾನ ಕಾರ್ಯಕ್ರಮ ಮುಂದೆ ಹತ್ತಾರು ಜಿಲ್ಲೆಗಳಿಗೆ, ಸುಮಾರು ಸಾವಿರ ಶಾಲೆಗಳಿಗೆ ಹಬ್ಬಿತು. 2002ರಲ್ಲಿ ರಾಜ್ಯ ಸರಕಾರ ಅದನ್ನು ನಿಲ್ಲಿಸಿತು. ಬೇಡ ಎಂದು ದೇಶದ ಅನೇಕ ವಿಜ್ಞಾನಿಗಳು, ಅಲ್ಲಿಯ ಮಾಸ್ತರರು ಕೇಳಿಕೊಂಡರೂ ಕಿವಿಗೆ ಬೀಳಲಿಲ್ಲ. ಮೂವತ್ತು ವರ್ಷದ ಕೆಲಸ. ಸುದ್ದಿ ಪತ್ರಿಕೆಯಲ್ಲಿ ಓದಿದ ದಿನ ಊಟ ಸೇರಲಿಲ್ಲ. ಹೆಡ್‌ಮಾಸ್ತರರು ಅಷ್ಟರೊಳಗೆ ತೀರಿಕೊಂಡಿದ್ದರು. ಆದರೆ ಏಕಲವ್ಯ ಮುಚ್ಚಲಿಲ್ಲ. ಪುಸ್ತಕ, ಪತ್ರಿಕೆ, ತರಬೇತಿ ಎಂದು ಕೆಲಸ ಮಾಡುತ್ತಲೇ ಇದೆ. ಮೊದಲಿನಿಂದ ಈ ಕೆಲಸದ ಬೆನ್ನಿಗೆ ನಿಂತಿದ್ದ ಪ್ರೊ. ಯಶಪಾಲರ ಅಧ್ಯಕ್ಷತೆಯಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಬಂದಾಗ, ಮಗು ತಾನೇ ಅರಿವು ಕಟ್ಟಿಕೊಳ್ಳುತ್ತದೆ ಎಂಬ ಮಾತು ಇಡೀ ದೇಶದ ಮಾತಾಯಿತು. ಅದನ್ನು ಓದಿದಾಗ ನನಗೆ ಆ ಪಡಸಾಲೆಯ ಗಾಂಧಿ ಟೊಪ್ಪಿಗೆ ಕಂಡಿತು.

ಇಷ್ಟು ವರ್ಷ ಮಾಸ್ತರಿಕೆ ಮಾಡಿ ನಾನು ಕಟ್ಟಿಕೊಂಡ ನಂಬಿಕೆ ಇದು. ಇಲಾಖೆ ಶಾಲೆ ನಡೆಸುತ್ತದೆ, ನಡೆಸಲೇಬೇಕು, ಬೇರೆ ಯಾರಿಂದಲೂ ಅಷ್ಟು ದೊಡ್ಡ ಭಾರ ಹೊರಲಾಗದು. ಆದರೆ ಈ ಮಗು ಯಾಕೆ ಕಲಿಯಲಿಲ್ಲ ಎಂಬ ಪ್ರಶ್ನೆಯನ್ನು ಇಲಾಖೆ ತನ್ನನ್ನು ತಾನೇ ಕೇಳಿಕೊಳ್ಳುವುದು ಕಷ್ಟ. ಕೆಳಗಿನವನು ಮೇಲಿನವನಿಗೆ ಒಳ್ಳೆಯ ಅಂಕಿಯನ್ನೇ ಕಳಿಸುತ್ತಾನೆ. ಅದಕ್ಕೆ ಹೊರಗೊಂದು ಮನೆ ಬೇಕು. ಯಾರ ಅಂಕಿಯ ಹಂಗೂ ಇಲ್ಲದೆ ಶಾಲೆಯೊಳಗೆ ಕೂತು ನೋಡುವವರು, ಮಾಸ್ತರನ ತೊಡಕನ್ನು ಬರೆದುಕೊಳ್ಳುವವರು, ಬರೆದುಕೊಂಡದ್ದಕ್ಕೆ ತಕ್ಕಂತೆ ತಮ್ಮ ಪುಸ್ತಕವನ್ನು ತಿದ್ದಿಕೊಳ್ಳುವವರು ಇರುವ ಮನೆ. ನಾಯಕರು ಮುಂಬಯಿಯಲ್ಲಿ ಕಟ್ಟಿದ್ದು ಅಂಥದು, ನರ್ಮದೆಯ ದಂಡೆಯಲ್ಲಿ ಎದ್ದದ್ದು ಅಂಥದು. ಅವು ಬಡ ಮನೆಗಳು. ವರ್ಷ ವರ್ಷವೂ ಹಣಕ್ಕೆ ಕೈಚಾಚಬೇಕು, ಕೊಡುವವರು ಬದಲಾದರೆ ಕೆಲಸ ನಿಲ್ಲುವ ಭಯ ತಪ್ಪುವುದಿಲ್ಲ. ಹಾಗಿದ್ದೂ ದೇಶದ ಪಠ್ಯಕ್ರಮ ತಿದ್ದುವಷ್ಟು ತಿಳಿವಳಿಕೆ ಅಲ್ಲಿಂದ ಬಂತು.

ನಮ್ಮ ಕಡೆಯ ತರುಣ ಮಾಸ್ತರರು ಈಗಲೂ ಆಗಾಗ ಬಂದು ಕೂಡುತ್ತಾರೆ. ತಂತಮ್ಮ ಶಾಲೆಯ ತೊಡಕು ಹೇಳುತ್ತಾರೆ. ಓದಲು ಬಾರದ ಐದನೆಯ ಇಯತ್ತೆಯ ಹುಡುಗಿ, ಮನೆಯಲ್ಲಿ ಲಂಬಾಣಿ ಮಾತಾಡಿ ಶಾಲೆಯಲ್ಲಿ ಬಾಯಿ ಬಿಡದ ಹುಡುಗ, ಅಪೂರ್ಣಾಂಕ ಬಂದೊಡನೆ ಮಂಕಾಗುವ ಇಡೀ ತರಗತಿ. ನಾನು ಅವರಿಗೆ ಹೇಳುವುದು ಒಂದೇ. ಇದನ್ನೆಲ್ಲ ಬರೆದಿಡಿ. ತಿಂಗಳಿಗೊಮ್ಮೆ ಸೇರಿ ಒಬ್ಬರದು ಒಬ್ಬರು ಓದಿ. ಮುಂದೆ ಯಾರಾದರೂ ನಮ್ಮ ಜಿಲ್ಲೆಯಲ್ಲಿ ಅಂಥದೊಂದು ಮನೆ ಕಟ್ಟಲು ಬಂದರೆ, ಕಟ್ಟಡಕ್ಕಿಂತ ಮೊದಲು ಅವರಿಗೆ ಬೇಕಾಗುವುದು ನಿಮ್ಮ ಆ ವಹಿ. ಯಾರೂ ಬರದಿದ್ದರೆ, ಬರೆದಿಟ್ಟ ನೀವೇ ಅದನ್ನು ಶುರು ಮಾಡಿ.